ಹನ್ನೆರಡು ದೇವರು, ಒಂದು ಅಡುಗೆಮನೆ



ಪ್ರತಿ ವರ್ಷ ನಮ್ಮ ಸಂಘದ ಇ-ಪುಸ್ತಿಕೆಗೆ ಲೇಖನ ಕೊಡಿ ಅಂತ ಮೆಸೇಜ್ ಬಂದಾಗ ನಾವು ಹೆಬ್ಬೆಟ್ಟಿನ ಎಮೋಜಿ ಒತ್ತಿ ಸುಮ್ಮನಾಗುತ್ತಿದ್ದೆವು. ಈ ಸಲ ಬರೆಯೋಣ ಅನ್ನಿಸಿತು. ಬರೆದದ್ದು ಒಬ್ಬರ ಕೈ, ಆದರೆ ನಾಲ್ವರೂ ಓದಿ, ಜಗಳ ಮಾಡಿ, ಕೆಲವು ಸಾಲು ಹೊಡೆದುಹಾಕಿ ಒಪ್ಪಿದ್ದೇವೆ. ಅದಕ್ಕೇ ಇಲ್ಲಿ "ನಾನು" ಎಲ್ಲೂ ಬರುವುದಿಲ್ಲ. ಮುಖ್ಯವಾಗಿ, ಯಾರ ಮನೆಯ ವಿಷಯ ಇದರಲ್ಲಿ ಇದೆಯೋ ಅವನೇ "ಬರೀರಿ, ಪರವಾಗಿಲ್ಲ" ಅಂದ ಮೇಲೆ ಬರೆಯುತ್ತಿದ್ದೇವೆ.

ನಾವು ನಾಲ್ಕು ಜನ. ಒಬ್ಬ ಹಾಸನದ ಕಡೆಯವನು, ಒಬ್ಬಳು ಧಾರವಾಡದವಳು, ಒಬ್ಬ ಕುಂದಾಪುರದವನು, ಒಬ್ಬ ಬೆಂಗಳೂರಿನವನು. ಎಲ್ಲರೂ ಬಿ.ಇ. ಮುಗಿಸಿ ಇಲ್ಲಿ ಮಾಸ್ಟರ್ಸ್‌ಗೆ ಬಂದವರು, ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಒಂದೇ ಫ್ಲ್ಯಾಟ್, ಒಂದೇ ಅಡುಗೆಮನೆ. ಐದನೆಯವನು ಜರ್ಮನ್, ಫಿಸಿಕ್ಸ್ ಓದುವವನು. ನಾವು ಬಂದ ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗಿ, ನಾವೆಲ್ಲ ರೂಮ್ ಸೇರಿಕೊಂಡು ಫೋನ್ ನೋಡುತ್ತಾ ಕೂತಿದ್ದನ್ನು ನೋಡಿ ಅವನಿಗೆ ಕನಿಕರ ಬಂದಿರಬೇಕು. ಒಂದು ಶುಕ್ರವಾರ ಊರಿನಿಂದ ಅವನ ಅಪ್ಪನ ಕಾಲದ ಹಳೇ ಪೆಟ್ಟಿಗೆಯೊಂದನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಪೆಟ್ಟಿಗೆಯ ಮೇಲೆ "ದಾಸ್ ಶ್ವಾರ್ಟ್ಸೆ ಆವ್ಗೆ" ಅಂತ ಬರೆದಿತ್ತು. ಅಂದರೆ ಕಪ್ಪು ಕಣ್ಣು. ನಮ್ಮ ಎ1 ಜರ್ಮನ್‌ಗೆ ಅರ್ಥವಾದ ಮೊದಲ ಪುಸ್ತಕದ ಹೆಸರು ಅದೇ.

ಚೌಕಾಬಾರ ಥರ ಏನೋ ಇರಬೇಕು ಅಂದುಕೊಂಡೆವು. ಬೋರ್ಡೇ ಇಲ್ಲ! ಇರುವುದು ಪುಸ್ತಕ, ಪೆನ್ಸಿಲ್, ಹಾಳೆ, ಮತ್ತೆ ಇಪ್ಪತ್ತು ಮುಖದ ದಾಳಗಳು. ಒಬ್ಬ ಕಥೆ ಹೇಳುತ್ತಾನೆ, ಅವನನ್ನು ಮೈಸ್ಟರ್ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ. "ನಿಮ್ಮೆದುರು ನದಿ ಇದೆ, ಸೇತುವೆ ಮುರಿದಿದೆ, ಏನು ಮಾಡ್ತೀರಿ?" ಅಂತ ಅವನು ಕೇಳಿದರೆ ನಾವು ಏನು ಬೇಕಾದರೂ ಹೇಳಬಹುದು. ಈಜುತ್ತೇವೆ ಅಂದರೆ ಚುರುಕು, ದೇಹದ ತಾಳಿಕೆ, ಬಲ ಹೀಗೆ ಮೂರು ಗುಣಗಳ ಮೇಲೆ ಮೂರು ದಾಳ ಹಾಕಬೇಕು. ಆದರೆ ಆಯಿತು, ಇಲ್ಲದಿದ್ದರೆ ನದಿಪಾಲು.

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಹೆಸರು ನೀವೆಲ್ಲ ಕೇಳಿರುತ್ತೀರಿ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ ಅದು. ಜರ್ಮನಿಯಲ್ಲಿ ಅದರ ಜಾಗದಲ್ಲಿ ಬಹಳ ಜನ ಆಡುತ್ತಾ ಬೆಳೆದದ್ದು ಈ ಕಪ್ಪು ಕಣ್ಣನ್ನು. ಉಲ್ರಿಶ್ ಕೀಸೋ ಎಂಬಾತ ಬರೆದು 1984ರಲ್ಲಿ ಹೊರಬಂತು, ಈಗ ಐದನೇ ಆವೃತ್ತಿ ನಡೆಯುತ್ತಿದೆ. ಕಥೆ ನಡೆಯುವ ಖಂಡದ ಹೆಸರು ಆವೆಂಟೂರಿಯನ್. ಆ ಲೋಕದ ಹೆಸರು ಡೇರೆ. ಭೂಮಿಗೆ ಜರ್ಮನ್‌ನಲ್ಲಿ ಎರ್ಡೆ ಅಂತಾರಲ್ಲ, ಅದರ ಅಕ್ಷರಗಳನ್ನು ಹಿಂದೆಮುಂದೆ ಮಾಡಿದರೆ ಡೇರೆ. ನಮಗೆ ಮಾತ್ರ ಅದು ಮದುವೆಮನೆಯ ಡೇರೆ ಆಗಿ ಉಳಿದುಬಿಟ್ಟಿತು.

ಈಗ ದೇವರ ವಿಷಯಕ್ಕೆ ಬರೋಣ, ಅದೇ ಈ ಲೇಖನದ ವಿಷಯ.

ಆವೆಂಟೂರಿಯನ್‌ನಲ್ಲಿ ಮುಖ್ಯ ದೇವರುಗಳು ಹನ್ನೆರಡು. ಪ್ರೈಯೋಸ್ ಸೂರ್ಯ ಮತ್ತು ಕಾನೂನಿನ ದೇವರು. ರೋಂಡ್ರಾ ಯುದ್ಧ ಮತ್ತು ಗುಡುಗಿನ ದೇವಿ, ಸಿಂಹ ಅವಳ ಪ್ರಾಣಿ. ಎಫೆರ್ಡ್ ನೀರಿನವನು. ಟ್ರಾವಿಯಾ ಒಲೆ, ಮದುವೆ, ಅತಿಥಿ ಸತ್ಕಾರದ ತಾಯಿ, ಅವಳದ್ದು ಹೆಬ್ಬಾತು. ಬೋರೋನ್ ಸಾವು ಮತ್ತು ನಿದ್ದೆಯ ದೇವರು. ಹೆಸಿಂಡೆ ವಿದ್ಯೆಗೆ, ಅವಳದ್ದು ಹಾವು. ಫಿರುನ್ ಚಳಿ ಮತ್ತು ಬೇಟೆಗೆ. ತ್ಸಾ ಹುಟ್ಟಿಗೆ. ಫೆಕ್ಸ್ ಕಳ್ಳರಿಗೂ ವ್ಯಾಪಾರಿಗಳಿಗೂ ಒಬ್ಬನೇ ದೇವರು, ಅವನದ್ದು ನರಿ. ಪೆರೈನೆ ಬೆಳೆ ಮತ್ತು ವೈದ್ಯಕ್ಕೆ. ಇಂಗೆರಿಮ್ ಬೆಂಕಿ ಮತ್ತು ಕಮ್ಮಾರಿಕೆಗೆ, ಅಂದರೆ ಮೆಕ್ಯಾನಿಕಲ್‌ನವರ ಕುಲದೇವರು. ರಹ್ಯಾ ಪ್ರೀತಿ ಮತ್ತು ದ್ರಾಕ್ಷಾರಸಕ್ಕೆ.

ಅಲ್ಲಿಯ ಹನ್ನೆರಡು ತಿಂಗಳ ಹೆಸರೂ ಇವೇ. ನಮ್ಮ ಜುಲೈ ಅಲ್ಲಿ ಪ್ರೈಯೋಸ್, ನವೆಂಬರ್ ಅಲ್ಲಿ ಬೋರೋನ್, ಜೂನ್ ಅಲ್ಲಿ ರಹ್ಯಾ. ಒಂದೊಂದು ತಿಂಗಳಿಗೂ 30 ದಿನ. ಲೆಕ್ಕ ಹಾಕಿದರೆ 360. ಉಳಿದ ಐದು ದಿನ ಯಾರದ್ದೂ ಅಲ್ಲ. ಅವು ಹೆಸರಿಲ್ಲದವನ ದಿನಗಳು, ಅಂದರೆ ಹನ್ನೆರಡರ ಆಚೆ ಇರುವ, ಹೆಸರನ್ನೇ ಕಳೆದುಕೊಂಡ ಕೆಟ್ಟ ದೇವರದ್ದು. ಆ ಐದು ದಿನ ಜನ ಪ್ರಯಾಣ ಮಾಡುವುದಿಲ್ಲ, ಹೊಸ ಕೆಲಸ ಶುರು ಮಾಡುವುದಿಲ್ಲ, ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಅದು ಬರುವುದು ಜೂನ್ ಮುಗಿದು ಜುಲೈ ಶುರುವಾಗುವ ಹೊತ್ತಿಗೆ. "ಓ, ಆಷಾಢ!" ಅಂತ ನಾಲ್ವರೂ ಒಟ್ಟಿಗೆ ಕೂಗಿದೆವು. ಮೈಸ್ಟರ್‌ಗೆ ಅರ್ಧ ಗಂಟೆ ಆಷಾಢ ವಿವರಿಸಿದೆವು. ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗುವುದನ್ನು ಕೇಳಿ ಅವನು ನೋಟ್ ಮಾಡಿಕೊಂಡ.

ಈ ಲೋಕದ ಇನ್ನೊಂದು ವಿಶೇಷ. ಅಲ್ಲಿ "ದೇವರು ಇದ್ದಾನೋ ಇಲ್ಲವೋ" ಅನ್ನೋ ಪ್ರಶ್ನೆ ಹೆಚ್ಚಾಗಿ ಏಳುವುದೇ ಇಲ್ಲ. ದೀಕ್ಷೆ ಪಡೆದ ಪುರೋಹಿತರು ಪ್ರಾರ್ಥಿಸಿದರೆ ಕಣ್ಣೆದುರೇ ಗಾಯ ಮಾಯುತ್ತದೆ. ಆ ಶಕ್ತಿಯನ್ನು ಅಳೆಯುವುದಕ್ಕೆ ಪಾಯಿಂಟ್ ಇದೆ. ಅದಕ್ಕೆ ಜರ್ಮನ್ ಪುಸ್ತಕದಲ್ಲಿ ಇಟ್ಟಿರುವ ಹೆಸರು ಏನು ಗೊತ್ತಾ? ಕರ್ಮ! ಕರ್ಮ ಶಕ್ತಿ, ಕರ್ಮ ಪಾಯಿಂಟು. ಪ್ರಾರ್ಥನೆಗೆ ಇಷ್ಟು ಕರ್ಮ ಅಂತ ಖರ್ಚಾಗುತ್ತದೆ, ರಾತ್ರಿ ಮಲಗಿ ಎದ್ದರೆ ಒಂದು ಆರು ಮುಖದ ದಾಳ ಹಾಕಿ ಬಂದಷ್ಟು ವಾಪಸ್ ತುಂಬಿಕೊಳ್ಳುತ್ತದೆ. ನಾವು ಎಂಜಿನಿಯರ್‌ಗಳು, ತಕ್ಷಣ ಅರ್ಥವಾಯಿತು: ಬ್ಯಾಟರಿ. "ನನ್ನ ಕರ್ಮ ಖಾಲಿ" ಅಂತ ಮೊದಲ ಸಲ ಹಾಸನದವನು ಗಂಭೀರವಾಗಿ ಹೇಳಿದಾಗ ನಾವು ನಕ್ಕು ನಕ್ಕು ಮೇಜಿನ ಮೇಲೆ ಬಿದ್ದೆವು. ಮೈಸ್ಟರ್‌ಗೆ ಇದರಲ್ಲಿ ನಗುವುದೇನಿದೆ ಅಂತ ಇವತ್ತಿಗೂ ಪೂರ್ತಿ ತಿಳಿದಿಲ್ಲ. ನಮ್ಮೂರಲ್ಲಿ ಕರ್ಮ ಖಾಲಿಯಾದರೆ ಮೋಕ್ಷ, ಇಲ್ಲಿ ಖಾಲಿಯಾದರೆ ನಿದ್ದೆ ಮಾಡಬೇಕು ಅಷ್ಟೇ.

ಧಾರವಾಡದವಳು ಮಾತ್ರ, "ನಮ್ಮ ದೇವರಿಗೂ ಹಿಂಗ ಒಂದು ಮೀಟರ್ ಇದ್ದಿದ್ರ ಎಷ್ಟ್ ಚೊಲೋ ಇರ್ತಿತ್ತು. ಕೆಲಸ ಮಾಡ್ತಾನೋ ಇಲ್ಲೋ ಅಂತ ಒಮ್ಮೆ ನೋಡಿ ಮುಗಿಸಿಬಿಡ್ಬಹುದಿತ್ತು" ಅಂದಳು. ಅವಳು ದೇವರನ್ನು ನಂಬುವವಳಲ್ಲ. ಹಾಗಂತ ಜಗಳವನ್ನೂ ಮಾಡುವವಳಲ್ಲ, ಗಣೇಶ ಹಬ್ಬಕ್ಕೆ ಸಂಘದಲ್ಲಿ ಕಡುಬು ಮಾಡುವಾಗ ಮೊದಲು ಬರುವವಳು ಅವಳೇ.

ನಮ್ಮ ಪಾತ್ರಗಳನ್ನು ಹೇಳಿಬಿಡುತ್ತೇವೆ. ಕುಂದಾಪುರದವನು ಥೋರ್ವಾಲ್ ಎಂಬ ಕಡಲ ಸೀಮೆಯ ನಾವಿಕನಾದ. ಅವರ ದೇವರು ಸ್ವಾಫ್ನಿರ್ ಎಂಬ ತಿಮಿಂಗಿಲ. "ದೇವ್ರು ಸಮುದ್ರದಂಗೇ ಇರ್ಕ್ ಮಾರಾಯ" ಅಂತ ಅವನ ವಾದ. ಬೆಂಗಳೂರಿನವನು ಫೆಕ್ಸ್‌ಗೆ ನಡೆದುಕೊಳ್ಳುವ ಕಳ್ಳ. ಇಲ್ಲಿ ಬಾಡಿಗೆ ಮನೆ ಹುಡುಕಿದ ಮೇಲೆ ಕಳ್ಳರಿಗೂ ವ್ಯಾಪಾರಿಗಳಿಗೂ ಒಬ್ಬನೇ ದೇವರು ಯಾಕೆ ಅಂತ ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಧಾರವಾಡದವಳು ಮಂತ್ರವಾದಿ, ವಿದ್ಯಾಲಯದಲ್ಲಿ ಓದಿ ಬಂದವಳು, ಎಲ್ಲದಕ್ಕೂ ಪುರಾವೆ ಕೇಳುವವಳು.

ಹಾಸನದವನು ಬೋರೋನ್‌ನ ಪುರೋಹಿತನಾದ. ಕಾರಣ ಭಕ್ತಿ ಅಲ್ಲ, ಜರ್ಮನ್. ಆಟ ನಡೆಯುವುದು ಜರ್ಮನ್‌ನಲ್ಲಿ, ಅವನದ್ದು ನಮ್ಮೆಲ್ಲರಿಗಿಂತ ವೀಕು. ಬೋರೋನ್‌ನ ಪುರೋಹಿತರು ಮೌನಕ್ಕೆ ಹೆಸರಾದವರು, ತೀರಾ ಅಗತ್ಯವಿದ್ದರೆ ಮಾತ್ರ ಬಾಯಿ ಬಿಡುತ್ತಾರೆ ಅಂತ ಪುಸ್ತಕದಲ್ಲಿ ಓದಿದ್ದೇ ತಡ, "ಇದೇ ಬೇಕು ನಂಗೆ" ಅಂದ. ಒಂದು ವರ್ಷ ಪೂರ್ತಿ ತಲೆ ಆಡಿಸಿಕೊಂಡು, ಕೈ ತೋರಿಸಿಕೊಂಡು, ಕಪ್ಪು ನಿಲುವಂಗಿಯಲ್ಲಿ ಆಟ ಸಾಗಿಸಿದ. ನಾವು ಅವನನ್ನು ಬೋರ್ ಹೊಡೆಸೋ ಸ್ವಾಮಿ ಅಂತ ಕರೆಯುತ್ತಿದ್ದೆವು.

ಆಡುತ್ತಾ ಆಡುತ್ತಾ ಬೇರೆ ಆಟಗಳ ದೇವರುಗಳನ್ನೂ ಓದಿದೆವು. ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನಲ್ಲಿ ಫರ್ಗಾಟನ್ ರೆಲ್ಮ್ಸ್ ಅಂತ ಒಂದು ಲೋಕ ಇದೆ, ಕೆನಡಾದ ಎಡ್ ಗ್ರೀನ್‌ವುಡ್ ಕಟ್ಟಿದ್ದು. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಗೇಮ್ ಆಡಿದವರಿಗೆ ಆ ಲೋಕ ಗೊತ್ತು. ಅಲ್ಲಿ ದೇವರುಗಳ ಬಲ ಭಕ್ತರ ಸಂಖ್ಯೆ ಮತ್ತು ಶ್ರದ್ಧೆಯ ಮೇಲೆ ನಿಂತಿದೆ. ಭಕ್ತರಿಲ್ಲದಿದ್ದರೆ ದೇವರು ಸೊರಗುತ್ತಾನೆ. ಇದು ಮೊದಲಿನಿಂದ ಹಾಗೆ ಇರಲಿಲ್ಲ. ದೇವರುಗಳು ಭಕ್ತರನ್ನು ಮರೆತು ತಮ್ಮ ತಮ್ಮಲ್ಲೇ ರಾಜಕೀಯ ಮಾಡುತ್ತಿದ್ದಾಗ, ಎಲ್ಲರಿಗಿಂತ ಮೇಲಿನ ಆವೊ ಎಂಬಾತ ಅವರನ್ನೆಲ್ಲ ಭೂಮಿಗೆ ತಳ್ಳಿ ಮನುಷ್ಯರ ಹಾಗೆ ಅಲೆದಾಡಿಸಿದ, ಆಮೇಲೆ ಈ ನಿಯಮ ತಂದ ಅಂತ ಕಥೆ. ಬೆಂಗಳೂರಿನವನು ಇದನ್ನು ಪರ್ಫಾರ್ಮೆನ್ಸ್ ರಿವ್ಯೂ ಅಂದ.

ಆದರೆ ಅದೇ ಲೋಕದಲ್ಲಿ ಇನ್ನೊಂದು ಇತ್ತು. ಯಾವ ದೇವರನ್ನೂ ನಂಬದೆ ಸತ್ತವರ ಆತ್ಮಗಳನ್ನು ಸತ್ತವರ ನಗರದ ಗೋಡೆಗೆ ಗಾರೆಯಂತೆ ಮೆತ್ತುತ್ತಾರೆ, ಅವು ನಿಧಾನಕ್ಕೆ ಕರಗಿಹೋಗುತ್ತವೆ. ಧಾರವಾಡದವಳು ಇದನ್ನು ಓದಿ ಪುಸ್ತಕ ಮುಚ್ಚಿದಳು. "ಒಳ್ಳೇದ್ ಮಾಡಿದ್ರೂ ಗೋಡಿಗೆ, ಕೆಟ್ಟದ್ ಮಾಡಿದ್ರೂ ಗೋಡಿಗೆ. ಇದನ್ನ ದೇವರು ಅಂತ ಯಾಕ್ ಕರೀಬೇಕು?" ಅಂದಳು. ಅವಳೊಬ್ಬಳೇ ಅಲ್ಲ, ಆಡುವವರಲ್ಲೇ ಬಹಳ ಜನ ಈ ಗೋಡೆಯ ಬಗ್ಗೆ ವರ್ಷಗಟ್ಟಲೆ ತಕರಾರು ತೆಗೆದಿದ್ದಾರೆ. 2007ರಲ್ಲಿ ಬಂದ ಮಾಸ್ಕ್ ಆಫ್ ದಿ ಬಿಟ್ರೇಯರ್ ಎಂಬ ಕಂಪ್ಯೂಟರ್ ಗೇಮ್‌ನ ಕಥೆ ನಡೆಯುವುದೇ ಈ ಗೋಡೆಯ ಸುತ್ತ.

ಇನ್ನೊಂದು ಸಂಗತಿ ನೋಡಿ. 1980ರಲ್ಲಿ ಅದೇ ಅಮೆರಿಕದ ಆಟಕ್ಕೆ ದೇವರುಗಳ ಒಂದು ಪುಸ್ತಕ ಬಂತು. ಗ್ರೀಕ್, ಈಜಿಪ್ಟ್ ದೇವರುಗಳ ಜೊತೆ ನಮ್ಮ ಇಂದ್ರ, ಅಗ್ನಿ, ವರುಣ, ಯಮ, ಕಾಳಿ, ವಿಷ್ಣು ಎಲ್ಲರೂ ಇದ್ದಾರೆ. ಪ್ರತಿಯೊಬ್ಬರಿಗೂ ಹಿಟ್ ಪಾಯಿಂಟ್, ರಕ್ಷಾಕವಚದ ಅಂಕ. ಅಂದರೆ ಇಷ್ಟು ಏಟು ಬಿದ್ದರೆ ವಿಷ್ಣು ಸಾಯುತ್ತಾನೆ ಅಂತ ಲೆಕ್ಕ. ಮೊದಲು ನಕ್ಕೆವು. ಆಮೇಲೆ ಯಾಕೋ ಇರುಸುಮುರುಸಾಯಿತು. ಪ್ರೈಯೋಸ್‌ಗೂ ಟ್ರಾವಿಯಾಗೂ ಪಾಯಿಂಟ್ ಹಾಕಿದರೆ ನಮಗೇನೂ ಅನ್ನಿಸುವುದಿಲ್ಲ, ಅವರಿಗೆ ಯಾರ ಅಜ್ಜಿಯೂ ದೀಪ ಹಚ್ಚಿಲ್ಲ. ವ್ಯತ್ಯಾಸ ಅಷ್ಟೇ ಇರಬಹುದು.

ನಮಗೆ ಕಪ್ಪು ಕಣ್ಣಿನ ಲೋಕ ಹಿಡಿಸಿದ್ದು ಅಲ್ಲಿಯ ಸಾಮಾನ್ಯ ಜನರಿಂದ. ಪುರೋಹಿತರಿಗೆ ಒಬ್ಬ ದೇವರು, ಆದರೆ ರೈತನಿಗೆ ಹನ್ನೆರಡೂ ಬೇಕು. ಬಿತ್ತುವಾಗ ಪೆರೈನೆ, ದೋಣಿ ಹತ್ತುವಾಗ ಎಫೆರ್ಡ್, ಮಗು ಹುಟ್ಟಿದಾಗ ತ್ಸಾ. ನಮ್ಮ ಮನೆಗಳಲ್ಲಿ ಸೋಮವಾರ ಈಶ್ವರ, ಗುರುವಾರ ರಾಯರು, ಶನಿವಾರ ಆಂಜನೇಯ ಇಲ್ಲವೇ, ಹಾಗೆ. ಕುಬ್ಜರು ಆಂಗ್ರೋಶ್ ಅಂತ ಒಬ್ಬ ದೇವರನ್ನು ನಂಬುತ್ತಾರೆ. ಮನುಷ್ಯರು, "ಅವನು ನಮ್ಮ ಇಂಗೆರಿಮ್ಮನೇ ಬಿಡಿ" ಅನ್ನುತ್ತಾರೆ. ನಮ್ಮೂರ ಅಮ್ಮನನ್ನು ದೊಡ್ಡ ಊರಿನವರು ಬಂದು "ಈಕೆ ಪಾರ್ವತಿಯೇ" ಅಂತ ಹೇಳಿ ಹೋದಂತೆ. ಮರಾಸ್ಕನ್ ಅನ್ನುವ ದ್ವೀಪದವರದ್ದು ಮತ್ತೂ ಬೇರೆ. ರೂರ್ ಮತ್ತು ಗ್ರೋರ್ ಎಂಬ ಅವಳಿ ದೇವರು. ರೂರ್ ಈ ಲೋಕವನ್ನು ಒಂದು ತಟ್ಟೆಯ ಹಾಗೆ ಮಾಡಿ ಗ್ರೋರ್‌ಗೆ ಉಡುಗೊರೆಯಾಗಿ ಎಸೆದಿದ್ದಾನೆ, ಅದು ಇನ್ನೂ ಹಾರುತ್ತಲೇ ಇದೆ, ಉಡುಗೊರೆ ಆದ್ದರಿಂದ ಲೋಕ ಚೆಂದವೇ ಇರಬೇಕು ಅಂತ ಅವರ ನಂಬಿಕೆ. ಊರಿನಿಂದ ಕೊರಿಯರ್ ಹಾಕಿದ ಚಕ್ಕುಲಿ ಡಬ್ಬಿ ಮೂರು ವಾರ ಕಸ್ಟಮ್ಸ್‌ನಲ್ಲಿ ಕೂತಿದ್ದಾಗ ನಾವು ದಿನಾ ಹೇಳಿಕೊಂಡದ್ದು ಇದನ್ನೇ: ಹಾರುತ್ತಾ ಇದೆ, ಬರುತ್ತೆ.

ಬೋರೋನ್ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಅವನು ಭಯ ಹುಟ್ಟಿಸುವ ದೇವರಲ್ಲ. ಸಾವಿನ ಜೊತೆ ನಿದ್ದೆ, ಕನಸು, ಮರೆವು ಕೂಡ ಅವನ ಕೊಡುಗೆ. ಅವನ ಸಮಾಧಿಗಳ ಮೇಲೆ ಮುರಿದ ಚಕ್ರದ ಗುರುತು ಇಡುತ್ತಾರೆ. ಅವನ ಹಕ್ಕಿ ರಾವೆನ್, ಅಂದರೆ ದೊಡ್ಡ ಕಾಗೆ. ಯಾರಾದರೂ ಸತ್ತರೆ ಗೋಲ್ಗಾರಿ ಎಂಬ ರಾವೆನ್ ಬಂದು ಆ ಆತ್ಮವನ್ನು ಹೊತ್ತುಕೊಂಡು ಎಲ್ಲಿಯೂ ಇಲ್ಲದ ಸಮುದ್ರವನ್ನು ದಾಟಿಸುತ್ತದೆ. ಆಚೆ ದಡದಲ್ಲಿ ತಕ್ಕಡಿ. ತೂಕದಲ್ಲಿ ಗೆದ್ದವರು ಒಬ್ಬೊಬ್ಬ ದೇವರ ಸ್ವರ್ಗಕ್ಕೆ ಹೋಗುತ್ತಾರೆ, ಉಳಿದವರು ಬೋರೋನ್‌ನ ಮನೆಯಲ್ಲೇ ಇರುತ್ತಾರೆ. ಗೋಡೆಗೆ ಮೆತ್ತುವುದಿಲ್ಲ. ಅಮೆರಿಕದ ಆಟದಲ್ಲಿ ಸತ್ತವರನ್ನು ಎಬ್ಬಿಸುವ ಮಂತ್ರ ಇದೆ. ಸತ್ತು ಹತ್ತು ದಿನದೊಳಗೆ, 500 ಚಿನ್ನದ ನಾಣ್ಯದ ಬೆಲೆಯ ವಜ್ರ ಇದ್ದರೆ ಆಯಿತು. ನಮ್ಮ ಆಟದಲ್ಲಿ ನಮ್ಮ ಪುರೋಹಿತನ ಪಟ್ಟಿಯಲ್ಲಿ ಅಂಥದ್ದು ಇಲ್ಲ. ಸತ್ತವರು ಸತ್ತರು.

ಕಳೆದ ನವೆಂಬರ್‌ನಲ್ಲಿ ಹಾಸನದವನ ಅಪ್ಪ ತೀರಿಕೊಂಡರು. ಬೆಳಗಿನ ಜಾವ ತಮ್ಮನ ಫೋನು. ಎದೆ ನೋವು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಹೋಗಿಬಿಟ್ಟಿದ್ದರು.

ಇವನ ರೆಸಿಡೆನ್ಸ್ ಪರ್ಮಿಟ್ ನವೀಕರಣಕ್ಕೆ ಹೋಗಿತ್ತು. ಕೈಯಲ್ಲಿದ್ದದ್ದು ಒಂದು ತಾತ್ಕಾಲಿಕ ಕಾಗದ. ಆ ಕಾಗದದಲ್ಲಿ ದೇಶ ಬಿಟ್ಟು ಹೋಗಬಹುದು, ವಾಪಸ್ ಬರಲು ಆಗುವುದಿಲ್ಲ. ಬೆಳಿಗ್ಗೆ ನಾವು ಐದೂ ಜನ ಕಚೇರಿಯ ಬಾಗಿಲಲ್ಲಿ ನಿಂತೆವು. ಮೈಸ್ಟರ್ ನಮ್ಮ ಪರವಾಗಿ ಮಾತಾಡಿದ. ಅಪಾಯಿಂಟ್‌ಮೆಂಟ್ ಇಲ್ಲದೆ ಆಗುವುದಿಲ್ಲ ಅಂದರು, ಇಮೇಲ್ ಹಾಕಿ ಅಂದರು. ಹಾಕಿದೆವು. ಊರಲ್ಲಿ ಸಂಜೆಯೊಳಗೆ ಮಣ್ಣು ಮಾಡಬೇಕಿತ್ತು. "ನೀನು ಬಂದು ಸಿಕ್ಕಿಹಾಕಿಕೊಂಡ್ರೆ ಅಪ್ಪ ಮಾಡಿದ ಸಾಲಕ್ಕೆ ಏನು ಅರ್ಥ? ಬರಬೇಡ" ಅಂತ ಅವನ ಅಮ್ಮನೇ ಹೇಳಿದರು. ಅವನು ಹೋಗಲಿಲ್ಲ. ವೀಡಿಯೊ ಕಾಲ್‌ನಲ್ಲಿ ನೋಡಿದ. ಫೋನ್ ಹಿಡಿದವರ ಕೈ ನಡುಗುತ್ತಿತ್ತು, ಒಂದು ಸಲ ಬರೀ ತೆಂಗಿನ ಗರಿ ಮತ್ತು ಆಕಾಶ ಕಾಣಿಸಿತು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹಿರಿಯ ಮಗ ಮಾಡಬೇಕಾದದ್ದನ್ನೆಲ್ಲ ತಮ್ಮ ಮಾಡಿದ. ಪಿಯುಸಿ ಓದುವ ಹುಡುಗ.

ಹನ್ನೊಂದನೇ ದಿನದ ತಿಥಿಯಲ್ಲಿ ಎಡೆ ಇಟ್ಟರು. ಕಾಗೆ ಬಂದು ಮುಟ್ಟಬೇಕು. ಬರಲಿಲ್ಲ. ಮುಕ್ಕಾಲು ಗಂಟೆ ಕಾದರು. ಯಾರೋ ಹಿರಿಯರು, "ದೊಡ್ಡವನ ಮೇಲೆ ಆಸೆ ಇಟ್ಕೊಂಡು ಹೋಗವ್ರೆ, ಅದಕ್ಕೆ ಮುಟ್ತಿಲ್ಲ" ಅಂದದ್ದು ವೀಡಿಯೊ ಕಾಲ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ ಎಡೆಯನ್ನು ಹಸುವಿಗೆ ಕೊಟ್ಟರು. ಅವತ್ತು ನಾವು ಇಲ್ಲಿ ಮುದ್ದೆ, ಅವರೆಕಾಳು ಸಾರು ಮಾಡಿದ್ದೆವು, ಅವರಪ್ಪನಿಗೆ ಇಷ್ಟ ಅಂತ. ಅವನು ಒಂದು ಎಲೆ ತಟ್ಟೆಯಲ್ಲಿ ಬಾಲ್ಕನಿಯ ಕಟ್ಟೆ ಮೇಲೂ ಇಟ್ಟ. ಈ ಊರಿನ ತುಂಬ ಕಾಗೆ. ಅವತ್ತು ಒಂದೂ ಬರಲಿಲ್ಲ. ಒಂದು ಪಾರಿವಾಳ ಬಂದು ನೋಡಿ ಹೋಯಿತು. ಮೈಸ್ಟರ್ ಏನು ಅಂತ ಕೇಳಿದ, ಕುಂದಾಪುರದವನು ಮೆಲ್ಲಗೆ ಹೇಳಿದ. ಅವನು ಏನೂ ಹೇಳದೆ ತನ್ನ ತಟ್ಟೆಗೂ ಮುದ್ದೆ ಹಾಕಿಸಿಕೊಂಡು ಕೂತು, ಅಗಿಯದೆ ನುಂಗುವುದು ಹೇಗೆ ಅಂತ ಕೇಳಿ ಕಲಿತ.

ಆಮೇಲೆ ಮೂರು ವಾರ ಆಟ ಇಲ್ಲ. ಹಾಸನದವನು ಕ್ಲಾಸಿಗೆ ಹೋಗುತ್ತಿದ್ದ, ಅಸೈನ್‌ಮೆಂಟ್ ಕೊಡುತ್ತಿದ್ದ, ಪಾತ್ರೆ ತೊಳೆಯುವ ಅವನ ಪಾಳಿ ತಪ್ಪಿಸುತ್ತಿರಲಿಲ್ಲ. ರಾತ್ರಿ ಬಾಲ್ಕನಿಯಲ್ಲಿ ನಿಂತಿರುತ್ತಿದ್ದ. ನಮಗೆ ಏನು ಮಾತಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಯಾರ ಅಪ್ಪನೂ ಸತ್ತಿರಲಿಲ್ಲ.

ಡಿಸೆಂಬರ್‌ನ ಒಂದು ಶುಕ್ರವಾರ ಅವನೇ ಬಂದು, "ಏನು, ಆಡಲ್ವಾ?" ಅಂದ. ಮೈಸ್ಟರ್ ಅವನನ್ನು ಪಕ್ಕಕ್ಕೆ ಕರೆದು, ಮುಂದಿನ ಕಥೆಯಲ್ಲಿ ಒಂದು ಸಾವು ಇದೆ, ಮೊದಲೇ ಬರೆದದ್ದು, ಬೇಕಾದರೆ ಬದಲಾಯಿಸುತ್ತೇನೆ ಅಂದ. ಇವನು ಬೇಡ ಅಂದ.

ಕಥೆಯಲ್ಲಿ ನಾವು ಚಳಿಯಲ್ಲಿ ಒಂದು ಹಳ್ಳಿ ತಲುಪಿದೆವು. ಅಲ್ಲಿ ಒಬ್ಬ ಮುದುಕಿಯ ಗಂಡ ಸತ್ತು ಎರಡು ದಿನ ಆಗಿದೆ. ಹಿಮ ಬಿದ್ದು ದಾರಿ ಮುಚ್ಚಿ ಪುರೋಹಿತರು ಬಂದಿಲ್ಲ. ಹಳ್ಳಿಯವರು ಕಪ್ಪು ನಿಲುವಂಗಿ ನೋಡಿ ಇವನ ಕೈ ಹಿಡಿದುಕೊಂಡರು.

ಪುಸ್ತಕದಲ್ಲಿ ಸಮಾಧಿಯ ಆಶೀರ್ವಾದ ಅಂತ ಒಂದು ಇದೆ. ದೀಕ್ಷೆ ಪಡೆದ ಎಲ್ಲರಿಗೂ ಬರುವ ಹನ್ನೆರಡು ಚಿಕ್ಕ ಆಶೀರ್ವಾದಗಳಲ್ಲಿ ಒಂದು. ಹಾಸನದವನು ಅಭ್ಯಾಸ ಬಲದಿಂದ ಮೂರು ದಾಳ ಕೈಗೆತ್ತಿಕೊಂಡ. ಮೈಸ್ಟರ್, "ದಾಳ ಬೇಡ. ಆಶೀರ್ವಾದಕ್ಕೆ ದಾಳ ಇಲ್ಲ. ಒಂದು ಕರ್ಮ, ಅಷ್ಟೇ. ಅದು ತಪ್ಪಿಹೋಗುವುದಿಲ್ಲ" ಅಂದ.

ಅದು ನಿಯಮ, ಅವನು ಸುಮ್ಮನೆ ನಿಯಮ ಹೇಳಿದ. ಎಲ್ಲ ಬಗೆಯ ಪ್ರಾರ್ಥನೆಗೂ ದಾಳ ಬೇಕು, ಈ ಚಿಕ್ಕ ಆಶೀರ್ವಾದಗಳಿಗೆ ಬೇಡ. ಯಾಕೆ ಹಾಗೆ ಮಾಡಿದರೋ, ಆಟ ಬೇಗ ಸಾಗಲಿ ಅಂತ ಇರಬಹುದು. ಆದರೆ ಹಾಸನದವನು ದಾಳ ಕೆಳಗಿಟ್ಟು ಬಹಳ ಹೊತ್ತು ಹಾಳೆ ನೋಡುತ್ತಾ ಕೂತ. ಆಮೇಲೆ ಎದ್ದು ನಿಂತ. ಕೂತು ಆಡುವ ಆಟ ಇದು, ಆದರೂ ನಿಂತ. ಜರ್ಮನ್‌ನಲ್ಲಿ ಎರಡು ವಾಕ್ಯ ಹೇಳಿದ. ಮೂರನೆಯದಕ್ಕೆ ಪದ ಸಿಗಲಿಲ್ಲ. ಕನ್ನಡಕ್ಕೆ ಬಂದ.

"ಇವರು ಕಷ್ಟಪಟ್ಟು ದುಡಿದೋರು. ಯಾರ ಹತ್ರನೂ ಕೆಟ್ಟ ಮಾತು ಆಡಿಸ್ಕೊಂಡೋರಲ್ಲ. ಫೀಸ್ ಕಟ್ಟಿದ್ಯಾ, ಊಟ ಮಾಡಿದ್ಯಾ, ಎರಡೇ ಕೇಳೋರು. ಮಕ್ಕಳು ಹತ್ರ ಇರಲಿಲ್ಲ, ತಪ್ಪು ತಿಳ್ಕೋಬೇಡಿ. ಹೋಗ್ ಬನ್ನಿ." ಅಷ್ಟೇ ಹೇಳಿದ್ದು. ಹಾಳೆಯಲ್ಲಿ ಒಂದು ಕರ್ಮ ಕಡಿಮೆ ಮಾಡಿ ಬರೆದು ಕೂತ.

ಕುಕ್ಕರ್ ಆಫ್ ಮಾಡಿದ್ದು ಯಾರು ಅಂತ ನಮಗೆ ನೆನಪಿಲ್ಲ. ಮೈಸ್ಟರ್ ಸ್ವಲ್ಪ ಹೊತ್ತು ಬಿಟ್ಟು, "ಮುರಿದ ಚಕ್ರದ ಮೇಲೆ ಒಂದು ರಾವೆನ್ ಬಂದು ಕೂತಿದೆ" ಅಂದ.

ಧಾರವಾಡದವಳು ತಟ್ಟನೆ ಎದ್ದು ಹೊರಗೆ ಹೋದಳು. ವಾಪಸ್ ಬಂದವಳು ಸಿಟ್ಟಾಗಿದ್ದಳು. ಮೈಸ್ಟರ್ ಮೇಲಲ್ಲ, ನಮ್ಮೆಲ್ಲರ ಮೇಲೆ. "ಇದು ಸರಿ ಅಲ್ಲ. ಅದು ಅವನ ಅಪ್ಪ, ಇದು ಆಟ. ಖರೇ ಕಾಗಿ ಬರ್ಲಿಲ್ಲ ಅಂತ ಸುಳ್ಳ ಕಾಗಿ ತಂದು ಕೂಡಿಸಿದ್ರ ಸಮಾಧಾನ ಆಗ್ತದೇನು? ಕಾಗಿ ಬರ್ಲಿಲ್ಲ ಅಂದ್ರ ಅಪ್ಪಗ ಸಿಟ್ಟು ಅಂತ ಹೇಳಿದವರದ್ದೂ ತಪ್ಪು, ಈಗ ಬಂತು ಅಂತ ಹೇಳೋದೂ ತಪ್ಪು. ಕಾಗಿ ಅಂದ್ರ ಕಾಗಿ!" ಅಂದಳು. ಮೈಸ್ಟರ್‌ಗೆ ಕನ್ನಡ ಬಾರದಿದ್ದರೂ ವಿಷಯ ತಿಳಿಯಿತು, ಮುಖ ಕೆಂಪಾಯಿತು. ಕ್ಷಮಿಸು ಅಂದ. ಬೆಂಗಳೂರಿನವನು ಅವನ ಪರ ವಹಿಸಿದ. ಐದು ನಿಮಿಷ ಜೋರು ಜೋರಾಗಿ ಜಗಳ ಆಯಿತು. ಪಕ್ಕದ ಮನೆಯವರು ಗೋಡೆ ಬಡಿದರು.

ಹಾಸನದವನು ಕೊನೆಗೆ ಮಾತಾಡಿದ. "ಆ ಕಾಗೆ ನಮ್ಮಪ್ಪಂಗೆ ಬಂದಿದ್ದಲ್ಲ ಕಣೇ. ಆ ಅಜ್ಜಿ ಗಂಡಂಗೆ ಬಂದಿದ್ದು. ನಂಗೂ ಗೊತ್ತು. ಆದ್ರೆ ಎಲ್ರೂ ನಿಂತಿದ್ರು, ನಾನೂ ನಿಂತು ಮಾತಾಡ್ದೆ. ಅದಂತೂ ಆಯ್ತಲ್ಲ" ಅಂದ. ಆಮೇಲೆ, "ಊಟ ಹಾಕ್ರೋ" ಅಂದ.

ಅವಳು ಸುಮ್ಮನೆ ತಟ್ಟೆ ಹಾಕಿದಳು.

ಆ ರಾತ್ರಿ ಬಗ್ಗೆ ನಾವು ಆಮೇಲೆ ಬಹಳ ಸಲ ಮಾತಾಡಿದ್ದೇವೆ, ಒಂದು ಅಭಿಪ್ರಾಯಕ್ಕೆ ಬಂದಿಲ್ಲ. ಧಾರವಾಡದವಳು ಇವತ್ತಿಗೂ ಒಪ್ಪುವುದಿಲ್ಲ. ನೆಮ್ಮದಿ ಕೊಡುತ್ತದೆ ಅನ್ನುವ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬಾರದು ಅಂತ ಅವಳ ಮಾತು, ಅದರಲ್ಲಿ ಸತ್ಯ ಇದೆ. ಆದರೆ ಅವನು ಏನನ್ನೂ ನಂಬಲಿಲ್ಲವಲ್ಲ ಅಂತ ಉಳಿದವರ ಮಾತು. ಬೋರೋನ್ ಇಲ್ಲ ಅಂತ ಅವನಿಗೂ ಗೊತ್ತು. ಜರ್ಮನಿಯಲ್ಲಿ ಕೂತು ಯಾರೋ ಮೇಜಿನ ಮುಂದೆ ಕಟ್ಟಿದ ದೇವರು ಅವನು. ಆಟದ ದೇವರುಗಳಿಗೆ ನಮ್ಮಿಂದ ಹರಕೆ ಬೇಕಿಲ್ಲ, ನಮಗೆ ಅವರಿಂದ ವರ ಇಲ್ಲ. ಅವರು ಕೊಡುವುದು ಒಂದು ಕೆಲಸ: ಈಗ ಎದ್ದು ನಿಂತು ಇದನ್ನು ಮಾಡು ಅಂತ. ನವೆಂಬರ್‌ನಲ್ಲಿ ಅವನ ಕೈಯಿಂದ ತಪ್ಪಿಹೋದದ್ದು ಆ ಕೆಲಸವೇ. ಡಿಸೆಂಬರ್‌ನಲ್ಲಿ ಅದರ ಒಂದು ಚೂರು ಸಿಕ್ಕಿತು. ಪೂರ್ತಿ ಅಲ್ಲ.

ಅವನ ಕಾರ್ಡ್ ಫೆಬ್ರವರಿ ಕೊನೆಗೆ ಬಂತು. ಮಾರ್ಚ್‌ನಲ್ಲಿ ಊರಿಗೆ ಹೋದ. ಸಮಾಧಿ ಹತ್ತಿರ ಹಾಲು ತುಪ್ಪ ಬಿಟ್ಟು, ಎಡೆ ಇಟ್ಟು ಬಂದ. ವಾಪಸ್ ಬಂದ ದಿನ ಕುಂದಾಪುರದವನು ತಡೆಯಲಾರದೆ, "ಕಾಗಿ ಬಂತಾ?" ಅಂತ ಕೇಳಿಯೇಬಿಟ್ಟ. ಅವನು ಬ್ಯಾಗಿನಿಂದ ನಿಪ್ಪಟ್ಟಿನ ಡಬ್ಬಿ ತೆಗೆಯುತ್ತಾ, "ನಾನು ನೋಡ್ಲಿಲ್ಲ. ಎಡೆ ಇಟ್ಟು ಅಮ್ಮನ ಜೊತೆ ಕೂತ್ಕೊಂಡು ಮಾತಾಡ್ತಿದ್ದೆ" ಅಂದ. ಧಾರವಾಡದವಳು ಡಬ್ಬಿ ಕಸಿದುಕೊಂಡು ಮೊದಲ ನಿಪ್ಪಟ್ಟು ತಾನು ತಿಂದಳು.

ಓದುಗರಲ್ಲಿ ಒಂದು ಮಾತು. ಹೊಸದಾಗಿ ಬಂದ ಜೂನಿಯರ್‌ಗಳು ಇದನ್ನು ಓದುತ್ತಿದ್ದರೆ, ಪರ್ಮಿಟ್ ನವೀಕರಣಕ್ಕೆ ಅವಧಿ ಮುಗಿಯುವ ಮೂರು ತಿಂಗಳ ಮುಂಚೆಯೇ ಅರ್ಜಿ ಹಾಕಿ. ಕೈಗೆ ತಾತ್ಕಾಲಿಕ ಕಾಗದ ಕೊಟ್ಟರೆ, ಅದರಲ್ಲಿ ಪ್ರಯಾಣ ಮಾಡಿ ವಾಪಸ್ ಬರಬಹುದೋ ಇಲ್ಲವೋ ಅಂತ ಅವತ್ತೇ ಕೇಳಿ ತಿಳಿದುಕೊಳ್ಳಿ. ಮತ್ತೆ ಯಾರದ್ದಾದರೂ ಮನೆಯಿಂದ ಇಂಥ ಫೋನ್ ಬಂದರೆ ಸಂಘದ ಗುಂಪಿಗೆ ಒಂದು ಮೆಸೇಜ್ ಹಾಕಿ. ನಮಗೆ ಏನು ಮಾತಾಡಬೇಕು ಅಂತ ಈಗಲೂ ಗೊತ್ತಿಲ್ಲ. ಬಂದು ಅಡುಗೆ ಮಾಡುವುದು ಗೊತ್ತು.

ಆಟ ಮುಂದುವರಿದಿದೆ. ಹಾಸನದವನ ಜರ್ಮನ್ ಈಗ ಬಿ1 ದಾಟಿದೆ, ಆದರೂ ಪಾತ್ರ ಬದಲಾಯಿಸಿಲ್ಲ. ಸ್ವಾಮಿಗಳು ಈಗ ಸ್ವಲ್ಪ ಜಾಸ್ತಿಯೇ ಮಾತಾಡುತ್ತಾರೆ ಅಂತ ಮೈಸ್ಟರ್ ದೂರು. ಪ್ರತಿ ಶುಕ್ರವಾರ ಸಂಜೆ ಏಳಕ್ಕೆ, ನಮ್ಮ ಅಡುಗೆಮನೆಯಲ್ಲಿ. ದಾಳ ನಮ್ಮಲ್ಲಿ ಇದೆ. ಬರುವವರು ಸಾರಿನ ಡಬ್ಬಿ ತನ್ನಿ.